ಪಟ್ಟಿಯೊಳಗಿನ ತಾಂಡಾ

1884ರಲ್ಲಿ ಹೋಟಗಿಯಿಂದ ಗದಗಿನವರೆಗೆ ಮೀಟರ್‌ಗೇಜ್ ರೈಲು ಓಡಾಡತೊಡಗಿತು. ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಹಾಕಿದ ಹಳಿ ಅದು. ಬಿಜಾಪುರ (ಇಂದಿನ ವಿಜಯಪುರ) ಬಿಟ್ಟು ತೆಂಕಣ ದಿಕ್ಕಿಗೆ ಹೊರಟರೆ ತೆಲಗಿ, ಕೂಡಗಿ, ಆಲಮಟ್ಟಿ ಬರುತ್ತವೆ. ಮಸೂತಿ ಇದೇ ಸೀಮೆಯ ಊರು. ರೈಲು ಬರುವುದಕ್ಕೂ ಕೆಲವೇ ವರ್ಷ ಮೊದಲು, 1876ರಿಂದ 78ರವರೆಗೆ, ಈ ಎರೆನೆಲ ದೊಡ್ಡ ಬರಕ್ಕೆ ಸಿಕ್ಕಿ ಊರೂರೇ ಹಾಳುಬಿದ್ದಿದ್ದವು. ಹಸಿದವರಿದ್ದಲ್ಲಿಗೆ ಕಾಳು ಸಾಗಿಸಲು ದಾರಿ ಬೇಕೆಂಬ ಅವಸರ ಹಳಿಗಳ ಬೆನ್ನಿಗಿತ್ತು. ರೈಲು ಬಂದದ್ದರಿಂದ ರೈತನ ಹತ್ತಿ ಮುಂಬಯಿ ಕಂಡಿತು, ಅಡತಿ ವ್ಯಾಪಾರಿಗಳ ಕೈ ತುಂಬಿತು. ಆದರೆ ಒಂದು ಸಮುದಾಯದ ಶತಮಾನಗಳ ಕಸುಬು ಆ ರೈಲಿನಿಂದ ಒಂದೇ ತಲೆಮಾರಿನಲ್ಲಿ ಕೈಬಿಟ್ಟುಹೋಯಿತು.

ಅವರು ಲಂಬಾಣಿಗರು. ತಮ್ಮನ್ನು ತಾವು ಗೋರ್ ಎಂದು ಕರೆದುಕೊಳ್ಳುವವರು. ನೂರಾರು ಎತ್ತುಗಳ ಬೆನ್ನಿಗೆ ಹೇರು ಕಟ್ಟಿ, ಕರಾವಳಿಯ ಉಪ್ಪನ್ನು ಬಯಲುಸೀಮೆಗೂ ಬಯಲುಸೀಮೆಯ ಕಾಳನ್ನು ದಂಡುಗಳಿಗೂ ಸಾಗಿಸುತ್ತಿದ್ದ ಜನ. ಮೊಗಲರ ದಂಡು ದಕ್ಷಿಣಕ್ಕೆ ಬಂದಾಗ ಅದಕ್ಕೆ ಕಾಳು ಹೊತ್ತವರು ಇವರು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಹೋದ ಇಂಗ್ಲಿಷ್ ಸೈನ್ಯವೂ, 1803ರಲ್ಲಿ ಮರಾಠರ ಮೇಲೆ ಹೋದ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ಇವರ ಎತ್ತುಗಳನ್ನೇ ನಂಬಿ ನಡೆದವು. ಕಾದಾಡುವ ಎರಡೂ ಕಡೆಯವರಿಗೆ ಇವರು ಬೇಕಾಗಿದ್ದರು. ಹಾಗಾಗಿ ಯಾರ ಸೀಮೆಯಲ್ಲಾದರೂ ಇವರಿಗೆ ದಾರಿ ಸಿಗುತ್ತಿತ್ತು, ದನಗಳಿಗೆ ಮೇವು ಸಿಗುತ್ತಿತ್ತು.

ಒಂದು ರೈಲುಗಾಡಿ ಒಂದೇ ಹಗಲಿನಲ್ಲಿ ಸಾಗಿಸುವ ಮಾಲಿಗೆ ಎಷ್ಟು ಎತ್ತು ಬೇಕು, ಎಷ್ಟು ದಿನ ಬೇಕು? ಹಳಿ ಬಿದ್ದ ಮೇಲೆ ಆ ಲೆಕ್ಕ ಕೇಳುವವರೇ ಇಲ್ಲವಾದರು. ಜೊತೆಗೆ 1878ರ ಅರಣ್ಯ ಕಾಯ್ದೆ ಬಂದು ಹುಲ್ಲುಗಾವಲುಗಳಿಗೆ ಬೇಲಿ ಬಿತ್ತು. ಎತ್ತು ಮಾರಿದರು, ಕಟ್ಟಿಗೆ ಹೊತ್ತರು, ಊರ ಗೌಡರ ಹೊಲಗಳಿಗೆ ಕೂಲಿ ಹೋದರು. ಊರ ಹೊರಗೆ ದನ ಮೇಯುವ ಗಾಯರಾಣದಲ್ಲಿ, ಕಲ್ಲು ಮಡ್ಡಿಯಲ್ಲಿ, ಬೇರೆ ಯಾರಿಗೂ ಬೇಡವಾದ ನೆಲದಲ್ಲಿ ಅವರ ವಸತಿಗಳಾದ ತಾಂಡಾಗಳು ನಿಂತವು. ಬಿಜಾಪುರ ಜಿಲ್ಲೆಯ ತುಂಬ ಇಂದು ಕಾಣುವ ತಾಂಡಾಗಳ ಚರಿತ್ರೆ ಬಹುಮಟ್ಟಿಗೆ ಈ ನಿಲುಗಡೆಯಿಂದ ಶುರುವಾಗುತ್ತದೆ.

ಆ ಚರಿತ್ರೆಯನ್ನು ರಾಜ್ಯಾಧಿಕಾರದ ಕಡೆಯಿಂದ ನೋಡಿದರೆ ಅದು ಪಟ್ಟಿಗಳ ಚರಿತ್ರೆ. ಅಪರಾಧಿಗಳ ಪಟ್ಟಿ, ಹಿಂದುಳಿದವರ ಪಟ್ಟಿ, ಪರಿಶಿಷ್ಟರ ಪಟ್ಟಿ, ಭಾಷೆಗಳ ಪಟ್ಟಿ, ಕಂದಾಯ ಗ್ರಾಮಗಳ ಪಟ್ಟಿ. ತಾಂಡಾದ ಜನ ಮತ ಹಾಕಬಹುದೇ, ಚುನಾವಣೆಗೆ ನಿಲ್ಲಬಹುದೇ, ಮನೆ ತಮ್ಮದೆನ್ನಬಹುದೇ, ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು ಎಂಬುದೆಲ್ಲ ಈ ಪಟ್ಟಿಗಳಲ್ಲಿ ತೀರ್ಮಾನವಾಯಿತು. ಅವನ್ನು ಬರೆದವರು ಪ್ರತಿ ಸಲವೂ ತಾಂಡಾದ ಹೊರಗಿನವರು.

ಮೊದಲನೆಯದು ಕೆಟ್ಟ ಪಟ್ಟಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಉತ್ತರ ಹಿಂದುಸ್ಥಾನದಲ್ಲಿ ಹುಟ್ಟಿತು. 1911ರ ತಿದ್ದುಪಡಿಯಿಂದ ಅದು ದೇಶದ ಉಳಿದ ಪ್ರಾಂತಗಳಿಗೂ ಬಂತು. ಒಂದು ಕುಲದಲ್ಲಿ ಹುಟ್ಟಿದ್ದೇ ಅಪರಾಧ ಎನ್ನುವ ಕಾಯ್ದೆ ಅದು. ಹೆಸರು ನೋಂದಾಯಿಸಿ ಬೆರಳಚ್ಚು ಒತ್ತಬೇಕು, ಪೊಲೀಸ್ ಪಾಟೀಲನ ಮುಂದೆ ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಬೇಕು. ಮುಂಬಯಿ ಪ್ರಾಂತದಲ್ಲಿ ಈ ಪ್ರಯೋಗಕ್ಕೆ ಬಿಜಾಪುರ ಮೊದಮೊದಲ ನೆಲೆಗಳಲ್ಲಿ ಒಂದಾಯಿತು. ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಕುಟುಂಬಗಳನ್ನು ತಂತಿಬೇಲಿಯೊಳಗಿನ ಸೆಟ್ಲಮೆಂಟಿನಲ್ಲಿ ಕೂಡಿಹಾಕಿದರು. ಲಂಬಾಣಿಗಳೂ ಪ್ರಾಂತದ ಕೆಲವು ಕಡೆ ಈ ಪಟ್ಟಿಗೆ ಬಿದ್ದರು. ಸೊಲ್ಲಾಪುರ, ಗೋಕಾಕ, ಹುಬ್ಬಳ್ಳಿ, ಗದಗಿನಲ್ಲೂ ಸೆಟ್ಲಮೆಂಟುಗಳು ಎದ್ದವು. ಗಿರಣಿಗೆ, ರೈಲ್ವೆ ವರ್ಕ್‌ಶಾಪಿಗೆ ಅಗ್ಗದ ಆಳು ಬೇಕಿದ್ದ ಊರುಗಳನ್ನೇ ಹುಡುಕಿ ಹುಡುಕಿ ಅವನ್ನು ಕಟ್ಟಿದ್ದರು. ಹುಬ್ಬಳ್ಳಿ, ಗದಗಿನ ಜನ ಆ ಬಡಾವಣೆಗಳನ್ನು ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ.

ಬಿಜಾಪುರದಲ್ಲಿ ಈ ಕೆಲಸಕ್ಕೆ ಕೈಹಚ್ಚಿದ ಅಧಿಕಾರಿ ಒ.ಎಚ್.ಬಿ. ಸ್ಟಾರ್ಟ್. ಐ.ಸಿ.ಎಸ್. ಪಾಸಾಗಿ ಬಂದ ಇಂಗ್ಲಿಷರವ. ಮುಂದೆ ಪ್ರಾಂತದ ಎಲ್ಲ ಸೆಟ್ಲಮೆಂಟುಗಳ ಹೊಣೆ ಹೊತ್ತು ಧಾರವಾಡದಲ್ಲಿ ಕೂತ. ನಮ್ಮ ಕತೆಗೆ ಆತ ಇನ್ನೊಂದು ಕಾರಣಕ್ಕೂ ಬೇಕು. 1928ರಲ್ಲಿ ಮುಂಬಯಿ ಸರಕಾರ ದಲಿತ ವರ್ಗಗಳ ಮತ್ತು ಮೂಲನಿವಾಸಿ ಬುಡಕಟ್ಟುಗಳ ಸ್ಥಿತಿಗತಿ ನೋಡಲು ಒಂದು ಸಮಿತಿ ಮಾಡಿ ಆತನನ್ನೇ ಅಧ್ಯಕ್ಷನನ್ನಾಗಿ ಕೂರಿಸಿತು. ಸದಸ್ಯರಲ್ಲಿ ಡಾ. ಬಿ.ಆರ್. ಅಂಬೇಡ್ಕರ್, ಡಾ. ಪಿ.ಜಿ. ಸೋಳಂಕಿ, ಎ.ವಿ. ಠಕ್ಕರ್ ಇದ್ದರು. 1930ರಲ್ಲಿ ವರದಿ ಬಂತು. ಹಿಂದುಳಿದವರನ್ನು ಮೂರು ಗುಂಪು ಮಾಡಿ ನೋಡಬೇಕೆಂದು ಅದು ಹೇಳಿತು: ಅಸ್ಪೃಶ್ಯತೆಗೆ ಒಳಗಾದ ದಲಿತ ವರ್ಗಗಳು, ಕಾಡು ಗುಡ್ಡಗಳ ಬುಡಕಟ್ಟುಗಳು, ಇತರೆ ಹಿಂದುಳಿದವರು. ಅಲೆಮಾರಿಗಳಿಗೆ ಈ ಮೂರನೆಯ ಗುಂಪಿನಲ್ಲಿ ಜಾಗ ಸಿಕ್ಕಿತು.

ಆ ಹೊತ್ತಿಗೆ ಇದು ಬರಿಯ ಆಡಳಿತದ ವಿಂಗಡಣೆ. ಆದರೆ ಎರಡೇ ವರ್ಷದಲ್ಲಿ ಅದರ ತೂಕ ಬದಲಾಯಿತು. 1932ರ ಪುಣೆ ಒಪ್ಪಂದದಿಂದ ದಲಿತ ವರ್ಗಗಳಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬಂದವು. 1936ರಲ್ಲಿ ಪರಿಶಿಷ್ಟ ಜಾತಿಗಳ ಮೊದಲ ಪಟ್ಟಿ ಅಚ್ಚಾಯಿತು. ಅಸ್ಪೃಶ್ಯತೆಯೇ ಅದರ ಅಳತೆಗೋಲು. ಮುಂಬಯಿ ಪ್ರಾಂತದ ಲಂಬಾಣಿ ಆ ಅಳತೆಗೆ ಸಿಗಲಿಲ್ಲ. ಊರ ಬಾವಿಯಲ್ಲಿ ಅವನಿಗೆ ನೀರಿಗೆ ಅಡ್ಡಿಯಿತ್ತೋ ಇಲ್ಲವೋ ಎಂಬ ಪ್ರಶ್ನೆ ಕೇಳಿದರೇ ಹೊರತು, ಊರೇ ಇಲ್ಲದವನ ಪಾಡೇನು ಎಂದು ಕೇಳಲಿಲ್ಲ. ದಾಖಲೆಗಳಲ್ಲಿ ಈ ಪ್ರಶ್ನೆ ಕಾಣದಿರುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಮೈಸೂರು ಸಂಸ್ಥಾನದಲ್ಲಿ ಮಾತು ಬೇರೆ ಇತ್ತು. ಅಲ್ಲಿ ಆದಿಕರ್ನಾಟಕ, ಆದಿದ್ರಾವಿಡರ ಜೊತೆಗೇ ಬಂಜಾರ ಅಥವಾ ಲಂಬಾಣಿ, ಭೋವಿ, ಕೊರಮ, ಕೊರಚರನ್ನೂ ದಲಿತ ವರ್ಗ ಎಂದು ಎಣಿಸುತ್ತಿದ್ದರು. 1950ರಲ್ಲಿ ರಾಷ್ಟ್ರಪತಿಯವರ ಆದೇಶ ಹೊರಟಾಗ ಮೈಸೂರಿನ ಆ ಪಟ್ಟಿ ಹಾಗೇ ಮುಂದುವರಿಯಿತು. ಶಿವಮೊಗ್ಗೆಯ ಲಂಬಾಣಿ ಪರಿಶಿಷ್ಟನಾದ. ಬಿಜಾಪುರದ ಲಂಬಾಣಿ ಆಗಲಿಲ್ಲ. ಇಬ್ಬರೂ ರಾಠೋಡರೋ ಪವಾರರೋ ಇರಬಹುದು, ಇಬ್ಬರ ಮನೆಯಲ್ಲೂ ಸಮುದಾಯದ ಸಂತ ಸೇವಾಲಾಲ್ ಮಹಾರಾಜರ ದೀಪ ಇರಬಹುದು.

ಅಪರಾಧಿಗಳ ಪಟ್ಟಿಗೆ ಕೊನೆ ಬಂದದ್ದು ಇದೇ ಕಾಲದಲ್ಲಿ. ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ಸಮಿತಿ 1949-50ರಲ್ಲಿ ದೇಶ ಸುತ್ತಿ ಕಾಯ್ದೆ ರದ್ದು ಮಾಡಲು ಹೇಳಿತು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ವಿಮುಕ್ತರು ಎಂಬ ಹೆಸರು ಬಂದದ್ದು ಆಗ. ಹಾಜರಿ ಪುಸ್ತಕ ಮುಚ್ಚಿದರೂ ಊರಲ್ಲಿ ಕಳವಾದಾಗ ಮೊದಲು ತಾಂಡಾಕ್ಕೆ ಬರುವ ಪೊಲೀಸರ ಚಾಳಿ ಬೇಗ ಹೋಗಲಿಲ್ಲ.

1956ರ ನವೆಂಬರ್ 1. ಮುಂಬಯಿ ರಾಜ್ಯದಲ್ಲಿದ್ದ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳು ಹೊಸ ಮೈಸೂರು ರಾಜ್ಯ ಸೇರಿದವು. ಮರಾಠಿಯ ಕಚೇರಿ, ಮರಾಠಿಯ ಶಾಲೆಗಳ ನಡುವೆ ಅಲ್ಪಸಂಖ್ಯಾತರಂತೆ ಬದುಕಿದ್ದ ಇಲ್ಲಿನ ಕನ್ನಡಿಗರಿಗೆ ಅದು ಬಹುಕಾಲದ ಆಸೆ ಕೈಗೂಡಿದ ದಿನ. ಆ ಸಂತೋಷದಲ್ಲಿ ನನ್ನ ಹಿರಿಯರೂ ಪಾಲುದಾರರು, ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ಅದೇ ದಿನ ತಾಂಡಾದ ಮಟ್ಟಿಗೆ ಒಂದು ವಿಚಿತ್ರ ಸ್ಥಿತಿ ಏರ್ಪಟ್ಟಿತು. ರಾಜ್ಯ ಒಂದೇ ಆದರೂ ಪರಿಶಿಷ್ಟರ ಪಟ್ಟಿಗೆ ಹಳೆಯ ಗಡಿಗಳೇ ಉಳಿದವು. ಹಳೆ ಮೈಸೂರಿನ ಜಿಲ್ಲೆಗಳ ಲಂಬಾಣಿಗೆ ಶಾಲೆಯಲ್ಲಿ, ನೌಕರಿಯಲ್ಲಿ, ವಿಧಾನಸಭೆಯಲ್ಲಿ ಮೀಸಲು. ಬಿಜಾಪುರ, ಗುಲ್ಬರ್ಗ, ರಾಯಚೂರು, ಬೀದರಿನ ಲಂಬಾಣಿಗೆ ಅದಿಲ್ಲ. ಸಂಖ್ಯೆಯಲ್ಲಿ ಇವರೇ ಹೆಚ್ಚಿರುವ ಜಿಲ್ಲೆಗಳಲ್ಲೇ ಬಾಗಿಲು ಮುಚ್ಚಿತ್ತು.

ಇಂಡಿ, ಚಡಚಣ ದಾಟಿ ಸೊಲ್ಲಾಪುರದ ಕಡೆ ಹೋದರೆ ನೋಟ ಮತ್ತೆ ಬೇರೆ. ಅಲ್ಲಿ ಇದೇ ಜನ ವಿಮುಕ್ತ ಜಾತಿ. 1963ರಲ್ಲಿ ಬಂಜಾರ ಸಮುದಾಯದ ವಸಂತರಾವ್ ನಾಯಕ್ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿ 1975ರವರೆಗೆ ರಾಜ್ಯ ಆಳಿದರು. ಆಚೆ ಒಬ್ಬ ಗೋರ್ ಮುಖ್ಯಮಂತ್ರಿ, ಈಚೆ ತಾಂಡಾಕ್ಕೆ ಮೀಸಲು ಸ್ಥಾನವಿಲ್ಲ. ಪೂರ್ವಕ್ಕೆ ಹೋದರೆ, ಇಂದಿನ ತೆಲಂಗಾಣದ ಲಂಬಾಡಿಗಳು 1976ರ ಕಾಯ್ದೆಯಿಂದ ಪರಿಶಿಷ್ಟ ಪಂಗಡವಾದರು. ಮದುವೆ ಮಾಡಿ ಹೆಣ್ಣುಮಗಳನ್ನು ಗಡಿಯಾಚೆ ಕಳಿಸಿದರೆ ಅವಳ ಮಕ್ಕಳು ಇನ್ನೊಂದು ಪಟ್ಟಿಯವರು. ಸಂಬಂಧಗಳು ಒಂದು ಕಡೆ, ಕಾಗದಗಳು ಇನ್ನೊಂದು ಕಡೆ ನಡೆದವು.

ಅದೇ 1976ರ ತಿದ್ದುಪಡಿ ಕಾಯ್ದೆ, 108ನೇ ನಂಬರಿನದು, ಕರ್ನಾಟಕದ ಒಳಗಿನ ಗಡಿಗಳನ್ನು ಅಳಿಸಿತು. 1977ರ ಜುಲೈ 27ರಿಂದ ಜಾರಿ. ಅಂದಿನಿಂದ ಬಿಜಾಪುರ ಜಿಲ್ಲೆಯ ಲಂಬಾಣಿಯೂ ಪರಿಶಿಷ್ಟ ಜಾತಿ. ದೇವರಾಜ ಅರಸರ ಕಾಲ ಅದು. ಭೂಸುಧಾರಣೆ, ಎಲ್.ಜಿ. ಹಾವನೂರ್ ಆಯೋಗದ ವರದಿ, ಹಿಂದುಳಿದವರ ರಾಜಕೀಯ ಎಲ್ಲ ಕಾವೇರಿದ ಹೊತ್ತು. ಆ ದಿನ ತಾಂಡಾಗಳಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಕ್ಕಿಲ್ಲ. ಪರಿಣಾಮ ಕಂಡದ್ದು ಹತ್ತು ಹದಿನೈದು ವರ್ಷ ಕಳೆದ ಮೇಲೆ, ಹಾಸ್ಟೆಲಿನಲ್ಲಿ ಉಳಿದು ಓದಿದ ಮೊದಲ ಹುಡುಗರು ಮಾಸ್ತರರಾಗಿ, ಕಂಡಕ್ಟರರಾಗಿ, ಪೊಲೀಸರಾಗಿ ತಾಂಡಾಕ್ಕೆ ಮರಳಿದಾಗ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಯ ಒಳಕ್ಕೂ ಅವರನ್ನು ಕರೆತಂದಿತು. ಊರ ಗೌಡರ ಪಡಸಾಲೆಯ ಹೊರಗೆ ನಿಂತು ಮಾತಾಡುತ್ತಿದ್ದವರ ಮೊಮ್ಮಗಳು ಪಂಚಾಯಿತಿ ಸದಸ್ಯೆಯಾಗಿ ಒಳಗೆ ಕುರ್ಚಿಯಲ್ಲಿ ಕೂತಳು. ಗಂಡನೋ ಮಾವನೋ ಅವಳ ಪರವಾಗಿ ಮಾತಾಡಿದ್ದೂ ಉಂಟು. ಆದರೂ ಆ ಕುರ್ಚಿ ಸಣ್ಣದಲ್ಲ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬಿಜಾಪುರ ಲೋಕಸಭಾ ಕ್ಷೇತ್ರವೇ ಪರಿಶಿಷ್ಟ ಜಾತಿಗೆ ಮೀಸಲಾಯಿತು, ವಿಧಾನಸಭೆಗೆ ನಾಗಠಾಣ ಮೀಸಲು ಕ್ಷೇತ್ರವಾಗಿ ಬಂತು. 2009ರಿಂದ ಇಲ್ಲಿಯವರೆಗೆ ನಾಲ್ಕು ಲೋಕಸಭಾ ಚುನಾವಣೆಗಳಲ್ಲೂ ರಮೇಶ ಜಿಗಜಿಣಗಿ ಗೆದ್ದಿದ್ದಾರೆ. 2009 ಮತ್ತು 2014ರಲ್ಲಿ ಅವರೆದುರು ಸೋತವರು ಬಂಜಾರ ಸಮುದಾಯದ ಪ್ರಕಾಶ ರಾಠೋಡ, 2019ರಲ್ಲಿ ಸುನೀತಾ ಚವ್ಹಾಣ. ನಾಗಠಾಣದಲ್ಲಿ 2018ರಲ್ಲಿ ದೇವಾನಂದ ಚವ್ಹಾಣ ಗೆದ್ದರು. ಆ ಹೊತ್ತಿಗೆ ಯಾವ ಪಕ್ಷವೂ ತಾಂಡಾಗಳ ಮತವನ್ನು ಬಿಟ್ಟು ಈ ಜಿಲ್ಲೆಯ ಲೆಕ್ಕ ಹಾಕುವಂತಿರಲಿಲ್ಲ. ಗೆಲುವು ಸೋಲು ಹೇಗೂ ಇರಲಿ, ಸೆಟ್ಲಮೆಂಟಿನ ಹಾಜರಿಯಿಂದ ಲೋಕಸಭೆಯ ಅಭ್ಯರ್ಥಿ ಪಟ್ಟಿಯವರೆಗಿನ ದಾರಿಯನ್ನು ಒಂದು ಸಮುದಾಯ ನೂರು ವರ್ಷದಲ್ಲಿ ನಡೆದಿದೆ. ಇದನ್ನು ಹೇಳುವಾಗ ನನ್ನ ಮನಸ್ಸು ತುಂಬುತ್ತದೆ.

ಇಲ್ಲಿಯವರೆಗಿನದು ರಾಜಕೀಯ ಪಾಲಿನ ಮಾತು. ತಾಂಡಾಕ್ಕೆ ಇನ್ನೊಂದು ಆಸ್ತಿ ಮೊದಲಿನಿಂದಲೂ ಇತ್ತು, ಅದು ತನ್ನನ್ನು ತಾನೇ ಆಳಿಕೊಳ್ಳುವ ಪದ್ಧತಿ. ಪ್ರತಿ ತಾಂಡಾಕ್ಕೂ ಒಬ್ಬ ನಾಯಕ. ಅವನ ಬಲಗೈಗೆ ಕಾರಭಾರಿ. ತಿಳಿದ ಹಿರಿಯನೊಬ್ಬ ಡಾವ. ಗಂಡ ಹೆಂಡಿರ ತಂಟೆ, ದನ ಮೇದ ಜಗಳ, ಹೆಣ್ಣು ಕೊಡುವ ತರುವ ಮಾತು, ಸಾಲದ ತಕರಾರು, ಇವೆಲ್ಲ ಸೇವಾಲಾಲರ ಮತ್ತು ಮರಿಯಮ್ಮನ ಗುಡಿಯ ಮುಂದಿನ ಕಟ್ಟೆಗೆ ಬರುತ್ತಿದ್ದವು. ಕೂಡಿದ ಪಂಚರ ನ್ಯಾಯಕ್ಕೆ ನಸಾಬ್ ಎಂದು ಹೆಸರು. ಎರಡೂ ಕಡೆಯವರು ಮಾತಾಡುವವರೆಗೆ ನಾಯಕ ಬಾಯಿ ಬಿಡುವಂತಿಲ್ಲ. ಮಾತು ಗಂಟೆಗಟ್ಟಲೆ ಸಾಗುತ್ತದೆ, ನಡುವೆ ಗಾದೆಗಳು ಬರುತ್ತವೆ, ಹಳೆಯ ನ್ಯಾಯಗಳ ನೆನಪು ಬರುತ್ತದೆ, ತಪ್ಪಾದವನಿಗೆ ದಂಡ ಬೀಳುತ್ತದೆ. ಹೊರಗಿನ ಪೊಲೀಸು ಠಾಣೆಗೆ ಹೋಗುವುದು ತಾಂಡಾಕ್ಕೆ ಅವಮಾನ ಎಂಬ ಭಾವನೆ ಬಹುಕಾಲ ಇತ್ತು. ಈ ಕಟ್ಟೆಯ ಮೇಲೆ ಹೆಂಗಸಿಗೆ ಜಾಗವಿರಲಿಲ್ಲ. ಅದನ್ನು ಮುಚ್ಚಿಟ್ಟು ಹೊಗಳಿದರೆ ಅದು ತಾಂಡಾದ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ.

ಹೆಣ್ಣುಮಕ್ಕಳ ಕೈಯಲ್ಲಿದ್ದದ್ದು ತೀಜ್. ಶ್ರಾವಣದಲ್ಲಿ ಮದುವೆಯಾಗದ ಹುಡುಗಿಯರು ಸಣ್ಣ ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ ಗೋದಿ ಬಿತ್ತುತ್ತಾರೆ. ಒಂಬತ್ತು ದಿನ ಮುಂಜಾನೆ ಸಂಜೆ ನೀರು ಹಾಕಿ ಸುತ್ತ ನಿಂತು ಹಾಡುತ್ತಾರೆ. ಹಳದಿ ಹಸಿರಿನ ಮೊಳಕೆ ಗೇಣುದ್ದ ಏಳುತ್ತದೆ. ಕೊನೆಯ ದಿನ ಅದನ್ನು ಕಿತ್ತು ಹಿರಿಯರ ಪಟಗಕ್ಕೆ ಸಿಕ್ಕಿಸಿ, ಉಳಿದದ್ದನ್ನು ಹಳ್ಳದಲ್ಲೋ ಕೆರೆಯಲ್ಲೋ ಬಿಡುತ್ತಾರೆ. ಕನ್ನಡಿ ಚೂರು ಕೂಡಿಸಿ ಹೊಲಿದ ಕಾಂಚಳಿ ರವಿಕೆ, ನೆರಿಗೆಯ ಫೇಟಿಯಾ ಲಂಗ, ಕೈತುಂಬ ಬಲಿಯಾ ಬಳೆ ಇಂಥ ದಿನ ಪೆಟ್ಟಿಗೆಯಿಂದ ಹೊರಬರುತ್ತವೆ. ಹೊಲಿಗೆಯಲ್ಲೇ ಒಂದು ಲೆಕ್ಕವಿದೆ, ಒಂದು ಬಗೆಯ ವ್ಯಾಕರಣವೇ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೊಲಿದ ಬಟ್ಟೆಗೆ ಸರಕಾರದ ಮನ್ನಣೆ ಬಂತು, ಹೊಲಿಯುವಾಗ ಹೇಳುವ ಹಾಡಿನ ಭಾಷೆಗೆ ಸಂವಿಧಾನದ ಭಾಷೆಗಳ ಪಟ್ಟಿಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ಆ ಭಾಷೆಯ ಗತಿ ನೋಡಿ. ಗೋರ್‌ಬೋಲಿಗೆ ತನ್ನದೇ ಲಿಪಿಯಿಲ್ಲ. ನಮ್ಮಲ್ಲಿ ಕನ್ನಡದಲ್ಲಿ, ಆಚೆ ದೇವನಾಗರಿಯಲ್ಲಿ, ಪೂರ್ವಕ್ಕೆ ತೆಲುಗಿನಲ್ಲಿ ಬರೆಯುತ್ತಾರೆ. 2011ರ ಜನಗಣತಿಯಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯ್ನುಡಿ ಲಮಾಣಿ ಅಥವಾ ಲಂಬಾಡಿ ಎಂದು ಬರೆಸಿದರು. ಗಣತಿ ಇಲಾಖೆ ಅವರನ್ನೆಲ್ಲ ಹಿಂದಿಯ ತಲೆಬರಹದಡಿ ಸೇರಿಸಿತು. ಬಸವನ ಬಾಗೇವಾಡಿ ಸೀಮೆಯ ತಾಂಡಾದ ಮುದುಕಿ, ಕನ್ನಡವನ್ನು ಸರಾಗವಾಗಿ ಆಡುವವಳು, ಹಿಂದಿ ಗೊತ್ತೇ ಇಲ್ಲದವಳು, ಸರಕಾರದ ಲೆಕ್ಕದಲ್ಲಿ ಹಿಂದಿಯವಳು. ಸಂವಿಧಾನದ 29ನೇ ಅನುಚ್ಛೇದ ತನ್ನ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕನ್ನು ಯಾವುದೇ ಜನಸಮೂಹಕ್ಕೆ ಕೊಟ್ಟಿದೆ. 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಪಾಠಕ್ಕೆ ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಉರ್ದು ಶಾಲೆಗಳಿವೆ, ಮರಾಠಿ ಶಾಲೆಗಳಿವೆ. ತಾಂಡಾದ ಮಗು ಮಾತ್ರ ಮೊದಲ ದಿನವೇ ಮನೆಯಲ್ಲಿ ಕೇಳದ ಭಾಷೆಯ ಪುಸ್ತಕ ತೆರೆಯುತ್ತದೆ. ಕನ್ನಡ ಕಲಿಯುವುದು ಬೇಡವೆಂದು ಯಾವ ತಾಂಡಾವೂ ಹೇಳಿಲ್ಲ. ಮೊದಲ ಎರಡು ವರ್ಷ ಮಗುವಿನ ಮಾತು ತಿಳಿಯುವ ಒಬ್ಬ ಮಾಸ್ತರು ಇರಲಿ ಎಂಬುದಷ್ಟೇ ಅವರ ಕೇಳಿಕೆ. ಮುಂಬಯಿ ಪ್ರಾಂತದಲ್ಲಿ ಕನ್ನಡಕ್ಕಾಗಿ ನಮ್ಮ ಹಿರಿಯರು ಕೇಳಿದ್ದೂ ಇಷ್ಟನ್ನೇ.

ಚೆದುರಿ ಬದುಕುವ ಜನಕ್ಕೆ ಸಾಂಸ್ಕೃತಿಕ ಸ್ವಾಯತ್ತತೆ ಕೊಡುವುದು ಹೇಗೆ ಎಂಬ ಪ್ರಶ್ನೆ ನಮ್ಮೊಬ್ಬರದಲ್ಲ. ನಮ್ಮ ಸಂವಿಧಾನದ ಆರನೇ ಅನುಸೂಚಿ ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಂಗಳ ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಜಿಲ್ಲಾ ಮಂಡಳಿಗಳನ್ನು ಕೊಟ್ಟಿತು. ಅದು ಒಂದೇ ಕಡೆ ನೆಲೆಯಾದ ಜನಕ್ಕೆ ಹೊಂದುವ ಏರ್ಪಾಡು. ಹತ್ತು ಜಿಲ್ಲೆಯ ನೂರಾರು ಊರುಗಳ ಅಂಚಿಗೆ ಹಂಚಿಹೋದವರಿಗೆ ಅದು ದಕ್ಕುವುದಿಲ್ಲ. 1925ರಲ್ಲಿ ಎಸ್ಟೋನಿಯಾ ಎಂಬ ಪುಟ್ಟ ದೇಶ ಬೇರೆ ದಾರಿ ಹಿಡಿಯಿತು. ಕನಿಷ್ಠ ಮೂರು ಸಾವಿರ ಜನರಿರುವ ಅಲ್ಪಸಂಖ್ಯಾತ ಸಮುದಾಯ ದೇಶದ ಎಲ್ಲೇ ಚೆದುರಿದ್ದರೂ ತನ್ನ ಸಾಂಸ್ಕೃತಿಕ ಮಂಡಳಿಯನ್ನು ತಾನೇ ಆರಿಸಿ, ಶಾಲೆಗಳನ್ನು ತಾನೇ ನಡೆಸಬಹುದೆಂದು ಕಾನೂನು ಮಾಡಿತು. ಅಲ್ಲಿನ ಜರ್ಮನರು, ಯಹೂದಿಗಳು ಅದನ್ನು ಬಳಸಿಕೊಂಡರು. ಹಕ್ಕನ್ನು ನೆಲಕ್ಕೆ ಕಟ್ಟದೆ ಜನಕ್ಕೆ ಕಟ್ಟಿದ ಆ ವಿಚಾರ ತಾಂಡಾಗಳ ವಿಷಯದಲ್ಲಿ ನಮಗೆ ಉಪಯೋಗಕ್ಕೆ ಬರಬಹುದಿತ್ತು. 2009ರಲ್ಲಿ ಕರ್ನಾಟಕ ಸರಕಾರ ತಾಂಡಾ ಅಭಿವೃದ್ಧಿ ನಿಗಮ ಮಾಡಿತು. ರಸ್ತೆ, ಭವನ, ಕುಡಿಯುವ ನೀರು ಬಂದವು, ಬೇಕೇ ಬೇಕಿದ್ದ ಕೆಲಸಗಳು. ಆದರೆ ನಿಗಮ ಸರಕಾರ ನೇಮಿಸುವ ಸಂಸ್ಥೆ, ನಾಯಕ ಕಾರಭಾರಿಗಳು ಆರಿಸುವ ಮಂಡಳಿಯಲ್ಲ.

ಇನ್ನು ನೆಲದ ಪ್ರಶ್ನೆ. ಮೊದಲು ಹೇಳಿದ ಮಸೂತಿ ಕಡೆಯ ಮಾತಿಗೇ ಮರಳೋಣ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಅರ್ಧ ಶತಮಾನ ಕಳೆದು ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ 2400 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರ ಎದ್ದಿತು. ನೀರಿಗೂ ವಿದ್ಯುತ್ತಿಗೂ ನೆಲ ಬೇಕಾಯಿತು. ಪರಿಹಾರ ಕೇಳಲು ಮೊದಲು ಬೇಕಾದದ್ದು ಪಹಣಿ. ಹೊಲದ ರೈತನ ಬಳಿ ಉತಾರೆ ಇತ್ತು. ಗಾಯರಾಣದಲ್ಲಿ ಮೂರು ತಲೆಮಾರು ಕಳೆದವನ ಬಳಿ ಮನೆ ಇತ್ತು, ಕಾಗದ ಇರಲಿಲ್ಲ. ಜಿಲ್ಲೆಯ ಎಷ್ಟೋ ತಾಂಡಾಗಳಿಗೆ ದಾಖಲೆಯಲ್ಲಿ ಸ್ವಂತ ಹೆಸರೂ ಇಲ್ಲ. ಅರಕೇರಿ ಎಲ್.ಟಿ., ಇಟ್ಟಂಗಿಹಾಳ ಎಲ್.ಟಿ. ಎಂದು ಪಕ್ಕದ ಊರಿಗೆ ಎರಡು ಅಕ್ಷರ ಅಂಟಿಸಿದರೆ ಮುಗಿಯಿತು. ಎಲ್.ಟಿ. ಎಂದರೆ ಲಮಾಣಿ ತಾಂಡಾ.

ಈ ಗಂಟನ್ನು ಬಿಡಿಸಲು ಶುರುಮಾಡಿದ್ದು ಭೂಸುಧಾರಣಾ ಕಾಯ್ದೆಗೆ ಸೇರಿಸಿದ 38ಎ ಕಲಂ. ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಯಾಗಿದ್ದ ಕಾಲ. ದಾಖಲೆಯಿಲ್ಲದ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಲ್ಲಿ ವಾಸಿಸುವವನಿಗೇ ಮನೆಯ ಹಕ್ಕು ಕೊಡಬೇಕೆಂಬುದು ಅದರ ತಿರುಳು. ಆಮೇಲೆ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 1475 ಇಂಥ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿದರು. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಹಕ್ಕುಪತ್ರ ಹಂಚಿದರು. ಫಲಾನುಭವಿಗಳು 50 ಸಾವಿರಕ್ಕೂ ಹೆಚ್ಚು. ಈ ಒಂದು ಕೆಲಸದ ಹಿಂದೆ ಎರಡು ಪಕ್ಷಗಳ ಸರಕಾರಗಳ ದುಡಿಮೆ ಇದೆ, ಅದಕ್ಕೂ ಮಿಗಿಲಾಗಿ ತಾಂಡಾದ ಓದಿದ ಮಕ್ಕಳು ತಹಶೀಲ್ದಾರ ಕಚೇರಿಗೆ ಅಲೆದ ವರ್ಷಗಳಿವೆ. ಸ್ವಂತ ನಿವೇಶನದ ಮೇಲೆ ಸಾಲ ಎತ್ತಬಹುದು, ಮಗಳ ಹೆಸರಿಗೆ ಬರೆಯಬಹುದು, ಪಂಚಾಯಿತಿಯಲ್ಲಿ ನಮ್ಮೂರು ಎಂದು ಎದ್ದುನಿಂತು ಕೇಳಬಹುದು. ಮೀಸಲು ಸ್ಥಾನದಷ್ಟೇ ಇದೂ ದೊಡ್ಡ ರಾಜಕೀಯ ಹಕ್ಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಕ್ಕುಪತ್ರ ಬಂದ ಎರಡೇ ತಿಂಗಳಿಗೆ ಬೇರೆ ಗಾಳಿ ಎದ್ದಿತು. 2023ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿ ಸರಕಾರ ಪರಿಶಿಷ್ಟರ ಶೇ. 17ರ ಮೀಸಲಾತಿಯನ್ನು ಒಳಗೊಳಗೆ ಹಂಚಲು ಶಿಫಾರಸು ಮಾಡಿತು. ಲಂಬಾಣಿ, ಭೋವಿ, ಕೊರಮ, ಕೊರಚರ ಗುಂಪಿಗೆ ಶೇ. 4.5. ಪಟ್ಟಿಯಿಂದಲೇ ತಮ್ಮನ್ನು ಕೈಬಿಡುತ್ತಾರೆಂಬ ಭಯ 2020ರಿಂದ ತಾಂಡಾಗಳಲ್ಲಿ ಕುದಿಯುತ್ತಿತ್ತು, ಅಂಥ ಬೇಡಿಕೆಯ ಅರ್ಜಿಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮಾರ್ಚ್ 27ರಂದು ಶಿಕಾರಿಪುರದಲ್ಲಿ ಪ್ರತಿಭಟನೆ ಕೈಮೀರಿ ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರ ಮನೆಯ ಮೇಲೆ ಕಲ್ಲು ಬಿದ್ದವು. 2024ರ ಆಗಸ್ಟ್ 1ರಂದು ಒಳಮೀಸಲಾತಿ ಸರಿ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಆಯೋಗ ಐದು ಗುಂಪು ಹೇಳಿತ್ತು. ಸಂಪುಟ ಆಗಸ್ಟ್ 19ರಂದು ಮೂರೇ ಮಾಡಿ ಮಾದಿಗರ, ಹೊಲೆಯರ, ಲಂಬಾಣಿ-ಭೋವಿಗಳ ಗುಂಪುಗಳಿಗೆ ಕ್ರಮವಾಗಿ ಶೇ. 6, 6, 5 ಎಂದು ಹಂಚಿತು.

ಶತಮಾನಗಳಿಂದ ಊರ ಒಳಗೇ ಅಸ್ಪೃಶ್ಯತೆ ಉಂಡ ಮಾದಿಗರ, ಹೊಲೆಯರ ನೋವಿಗೆ ನ್ಯಾಯ ಸಿಗಬೇಕಾದದ್ದೇ. ಮೂವತ್ತು ವರ್ಷ ಅದಕ್ಕಾಗಿ ಅವರು ಹೋರಾಡಿದ್ದಾರೆ. ಲಂಬಾಣಿಗರ ಭಯವನ್ನು ಆ ನೋವಿನ ವಿರುದ್ಧ ನಿಲ್ಲಿಸಿ ಮಾತಾಡುವುದು ಇಬ್ಬರಿಗೂ ಒಳ್ಳೆಯದಲ್ಲ. ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಆ ನಿರ್ಧಾರದ ಇನ್ನೊಂದು ಭಾಗ. ಆಯೋಗ ಅತಿ ಹಿಂದುಳಿದ 59 ಅಲೆಮಾರಿ ಜಾತಿಗಳಿಗೆ ಬೇರೆಯಾಗಿ ಶೇ. 1 ಇಡಲು ಹೇಳಿತ್ತು. ಸಂಪುಟ ಅವರನ್ನು ಲಂಬಾಣಿ, ಭೋವಿಗಳ ಶೇ. 5ರ ಗುಂಪಿಗೇ ಸೇರಿಸಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಲೆಮಾರಿಗಳು ವಾರಗಟ್ಟಲೆ ಧರಣಿ ಕೂತರು, ದೆಹಲಿಗೂ ಹೋದರು. ನೂರು ವರ್ಷದ ಹಿಂದೆ ಬಿಜಾಪುರದ ಸೆಟ್ಲಮೆಂಟಿನಲ್ಲಿ ಕೂಡಿಹಾಕಿದ ಘಂಟಿಚೋರರು ಇರುವುದು ಆ ಅಲೆಮಾರಿಗಳ ನಡುವೆಯೇ. ಮೊದಲು ಏಳ್ಗೆ ಕಂಡ ಅಲೆಮಾರಿಗಳಾಗಿ ಲಂಬಾಣಿಗರು ಇವರ ಕೇಳಿಕೆಗೆ ಬೆಂಬಲವಾಗಿ ನಿಂತರೆ ಅದು ಸೇವಾಲಾಲರ ತಾಂಡಾಕ್ಕೆ ತಕ್ಕ ನಡೆ ಎಂದು ನಾನು ನಂಬಿದ್ದೇನೆ.

ಮುಂದಿನ ಪಟ್ಟಿ ಈಗ ತಯಾರಾಗುತ್ತಿದೆ. ಜನಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಹೊರಟಿದೆ, ಉಲ್ಲೇಖ ದಿನ 2027ರ ಮಾರ್ಚ್ 1. ಈ ಸಲ ಎಲ್ಲ ಜಾತಿಗಳನ್ನೂ ಬರೆಯುತ್ತಾರೆ. ತಲೆ ಎಣಿಕೆ ನಡೆಯುವುದು ಫೆಬ್ರುವರಿಯಲ್ಲಿ. ವಿಜಯಪುರ ಜಿಲ್ಲೆಯ ತಾಂಡಾಗಳಿಗೆ ಅದು ದುಡಿಯಲು ಊರು ಬಿಟ್ಟ ಕಾಲ. ದವಾಳಿ, ಅಂದರೆ ದೀಪಾವಳಿ, ಮುಗಿಸಿ ಹೋದವರು ಕಬ್ಬು ಕಡಿಯುತ್ತ, ಗೋವಾದಲ್ಲಿ, ರತ್ನಾಗಿರಿಯಲ್ಲಿ, ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತ ಇರುತ್ತಾರೆ. ಬಹಳಷ್ಟು ಮನೆಗಳಿಗೆ ಬೀಗ, ಒಳಗಿರುವವರು ಮುದುಕರು ಮತ್ತು ಶಾಲೆಯ ಮಕ್ಕಳು. ಪುಣೆಯ ಶೆಡ್ಡಿನಲ್ಲಿ ಎಣಿಸಿದ ಲಂಬಾಣಿ ಪರಿಶಿಷ್ಟ ಜಾತಿಯ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಮಹಾರಾಷ್ಟ್ರದ ಆ ಪಟ್ಟಿಯಲ್ಲಿ ಅವನ ಜಾತಿ ಇಲ್ಲ. ಗೋವಾದಲ್ಲೂ ಅಷ್ಟೇ. ವಿಜಯಪುರದ ಲೆಕ್ಕದಲ್ಲಿ ಅಷ್ಟು ತಲೆ ಕಡಿಮೆಯಾದರೆ ಮೀಸಲು ಕ್ಷೇತ್ರ, ಪಂಚಾಯಿತಿ ಸ್ಥಾನ, ಅನುದಾನ ಎಲ್ಲದರ ಮೇಲೂ ಅದರ ಹೊರೆ ಬೀಳುತ್ತದೆ. ಹೊಸದಾಗಿ ಕಂದಾಯ ಗ್ರಾಮವಾದ ತಾಂಡಾಗಳು ಮೊದಲ ಸಲ ತಮ್ಮ ಹೆಸರಿನಲ್ಲೇ ಎಣಿಕೆಯಾಗಬೇಕಾದ ಗಣತಿ ಇದು. ಫೆಬ್ರುವರಿಯಲ್ಲಿ ಹದಿನೈದು ದಿನ ಕೂಲಿಯವರನ್ನು ಊರಿಗೆ ಕರೆತರಲು ಬಸ್ಸಿನ ಏರ್ಪಾಡು ಮಾಡುವುದು ಜಿಲ್ಲಾಡಳಿತದ ಕೈಯಲ್ಲಿದೆ, ಆ ದಿನಗಳ ಕೂಲಿ ಭರಿಸುವುದು ತಾಂಡಾ ನಿಗಮದ ಕೈಯಲ್ಲಿದೆ. ಮತದಾನದ ದಿನ ಇದೇ ಪುಣೆ, ಗೋವಾಗಳಿಂದ ಜೀಪು, ಕ್ರೂಸರ್ ತುಂಬಿ ಜನರನ್ನು ಕರೆತರುವುದು ಪಕ್ಷಗಳಿಗೆ ಗೊತ್ತೇ ಇದೆ.